ಅಂಕಿಯಿಲ್ಲದ ಗಡಿಯಾರದ ನಾಲ್ಕೂವರೆ

ಹುಬ್ಬಳ್ಳಿಯ ಅವಳಿನಗರ ಸರ್ವೋಪಯೋಗಿ ಪತ್ತಿನ ಸಹಕಾರಿ ಸಂಘದಲ್ಲಿ ಈಗ ಮುಂಜಾನೆ ಹತ್ತು ಗಂಟೆಯನ್ನು ಸಂಜೆ ನಾಲ್ಕೂವರೆ ಎಂದು ಕರೆಯಲಾಗುತ್ತದೆ. ಇದು ಆಡಳಿತ ಮಂಡಳಿಯ ಸರ್ವಾನುಮತದ ತೀರ್ಮಾನ. ಯಾರ ತಕರಾರೂ ಇಲ್ಲ. ಸಂಘದ ವ್ಯವಸ್ಥಾಪಕನಾದ ನಾನು, ಗುರುಪಾದ, ಈ ಸುಧಾರಣೆ ಹೇಗೆ ಜಾರಿಗೆ ಬಂತೆಂಬುದನ್ನು ಸದಸ್ಯರ ಅವಗಾಹನೆಗಾಗಿ ಇಲ್ಲಿ ನಿರೂಪಿಸುತ್ತಿದ್ದೇನೆ.

ನಮ್ಮ ಅಧ್ಯಕ್ಷರಾದ ರಾಜಶೇಖರ ಸಾವಕಾರರು ಹತ್ತಿ ವ್ಯಾಪಾರಸ್ಥರು. ಕಳೆದ ವರ್ಷ ಯಾವುದೋ ಮದುವೆಯಲ್ಲಿ ಅವರು ಒಂದು ಕೈಗಡಿಯಾರ ನೋಡಿದರು. ಬಿಳಿ ಬಿಲ್ಲೆ, ಎರಡು ಮುಳ್ಳು, ಮತ್ತೇನೂ ಇಲ್ಲ. ಅದನ್ನು ಕಟ್ಟಿಕೊಂಡವನ ಸುತ್ತ ಜನ ನೆರೆದಿದ್ದರು. ತಮ್ಮ ಬಂಗಾರದ ಗಡಿಯಾರವನ್ನು ಯಾರೂ ತಿರುಗಿ ನೋಡಲಿಲ್ಲ. ಈ ನೋವು ಅವರನ್ನು ಸರಳತೆಯ ಕಡೆಗೆ ತಿರುಗಿಸಿತು. ಊರಿಗೆ ಬಂದವರೇ ‘ಸರಳತಾ ವರ್ಷ’ ಘೋಷಿಸಿ, ಸಿಬ್ಬಂದಿಯೆಲ್ಲರಿಗೂ ಅಂಥದೇ ಗಡಿಯಾರ ಮತ್ತು ಅದಕ್ಕೆ ಹೊಂದುವ ದಿನಬಳಕೆಯ ಆಭರಣ ಕೊಡಿಸುವುದೆಂದು ಠರಾವು ಮಾಡಿಸಿದರು.

ಗಡಿಯಾರ ಪೂರೈಸಿದವರು ಅಧ್ಯಕ್ಷರ ಗೆಳೆಯ ಪಂಢರಿನಾಥ. ಅವರ ಬಿಲ್ಲಿನಲ್ಲಿ ಅಂಕಿ ತೆಗೆದಿದ್ದಕ್ಕೆ ಒಂದು ದರ, ಸೆಕೆಂಡಿನ ಮುಳ್ಳು ತೆಗೆದಿದ್ದಕ್ಕೆ ಇನ್ನೊಂದು, ತಾರೀಖಿನ ಕಿಂಡಿ ಮುಚ್ಚಿದ್ದಕ್ಕೆ ಮತ್ತೊಂದು. ಮುಳ್ಳು ತಿರುಗಿಸುವ ಗುಂಡಿಯನ್ನು ಕಾಣದಂತೆ ಹಿಂಬದಿಗೆ ಅಡಗಿಸಿದ್ದರು. ಕಂಪನಿಯ ಹೆಸರನ್ನೂ ಅಳಿಸಿದ್ದರು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ದರ.

“ಇಲ್ಲದ್ದಕ್ಕೂ ರೊಕ್ಕಾ ಕೊಡಬೇಕೇನ್ರಿ?” ಎಂದು ನಾನು ಕೇಳಿದೆ.

“ಇರೂದು ಎಲ್ಲಾ ಅಂಗಡ್ಯಾಗೂ ಸಿಗತೈತ್ರಿ ಗುರುಪಾದಪ್ಪ,” ಎಂದರು ಪಂಢರಿನಾಥ. “ಇಲ್ಲದ್ದು ಸಿಗೂದು ಭಾಳ ಕಷ್ಟ.”

ಮಾತು ಖರೆಯೇ ಇತ್ತು. ನಾನು ಸಹಿ ಮಾಡಿದೆ.

ಆಭರಣದ ಸೆಟ್ಟೂ ಅಷ್ಟೇ ಸರಳ. ಕೂದಲೆಳೆಯಷ್ಟು ಸಣ್ಣ ಸರ, ಅದಕ್ಕೊಂದು ಖಾಲಿ ಪದಕ, ಒಂದು ತೆಳು ಕಡಗ, ಸಾಸಿವೆ ಕಾಳಿನಷ್ಟು ಬೆಂಡೋಲೆ. ಸೆಟ್ ಒಡೆಯಲು ಬರುವುದಿಲ್ಲವೆಂದು ಗಂಡಸರಿಗೂ ಬೆಂಡೋಲೆ ಬಂದವು. ಸಿಪಾಯಿ ಬಸಣ್ಣ ಮಾತ್ರ ಖುಷಿಯಿಂದ ಹಾಕಿಕೊಂಡ. “ನಮ್ಮ ಮುತ್ಯಾನೂ ಕಿವ್ಯಾಗ ಹಾಕ್ಕೋತಿದ್ದ್ರಿ. ಅವಂದು ಕಾಣತಿತ್ತು, ಇದು ಕಾಣೂದಿಲ್ಲ. ಅಷ್ಟ ಫರಕು,” ಎಂದ. ತಾತ್ಕಾಲಿಕ ನೌಕರರಿಗೆ ಮಾತ್ರ ಒಂದೇ ಕಿವಿಯ ಬೆಂಡೋಲೆ. ಎರಡನೆಯದು ಕಾಯಂ ಆದ ಮೇಲೆ. ನಮ್ಮಲ್ಲಿ ಅಂಥವರು ಒಬ್ಬರೇ, ಗುಮಾಸ್ತೆ ಜಯಮಾಲಾ. ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಹುಡುಗಿ. ಪ್ರತಿ ಮಾರ್ಚಿಗೆ ಅವಳ ನೌಕರಿ ಹೋಗುತ್ತಿತ್ತು, ಏಪ್ರಿಲಿಗೆ ತಿರುಗಿ ಬರುತ್ತಿತ್ತು. ಈ ಸಲ ಕಾಯಂ ಮಾಡುವುದೆಂದು ಮಂಡಳಿ ಒಪ್ಪಿತ್ತು. ಶರತ್ತು ಒಂದೇ: ಅದಕ್ಕಾಗಿ ನಡೆಯುವ ಸಂದರ್ಶನದ ದಿನದವರೆಗೆ ಹಾಜರಾತಿಯಲ್ಲಿ ಮೂರು ಕೆಂಪು ಗುರುತು ಬೀಳಬಾರದು. ಅಲ್ಲಿಯವರೆಗೆ ಅವಳದ್ದು ಒಂದೂ ಇರಲಿಲ್ಲ.

ಸರಳತೆಯ ಉದ್ಘಾಟನೆಗೆ ಪೆಂಡಾಲು, ಬ್ಯಾಂಡು, ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಇದ್ದವು. ಮುಖ್ಯ ಅತಿಥಿಗಳಾಗಿ ಬಂದ ಮಾಜಿ ಸಚಿವರು ಅಧ್ಯಕ್ಷರ ಎದುರು ನಿಂತು ಸ್ವಹಸ್ತದಿಂದ ಅವರ ಮಣಿಕಟ್ಟಿಗೆ ಗಡಿಯಾರ ಕಟ್ಟಿದರು. ಎದುರು ನಿಂತು ಕಟ್ಟಿದ್ದರಿಂದ ಅದು ಮಾನ್ಯರ ಕಣ್ಣಿಗೆ ನೆಟ್ಟಗೆ ಕಂಡಿತು, ಅಧ್ಯಕ್ಷರ ಕೈಗೆ ತಲೆಕೆಳಗಾಗಿ ಕೂತಿತು. ಅಂಕಿ ಇದ್ದಿದ್ದರೆ ಗೊತ್ತಾಗುತ್ತಿತ್ತು. ಅಂಕಿ ತೆಗೆಸಲು ನಾವು ಬೇರೆ ದರ ಕೊಟ್ಟಿದ್ದೆವು.

ಮಾರನೆಯ ದಿನ ಜಯಮಾಲಾ ಎಂದಿನಂತೆ ಸರಿಯಾಗಿ ಹತ್ತಕ್ಕೆ ಬಂದಳು. ಅಧ್ಯಕ್ಷರು ಬಾಗಿಲಲ್ಲೇ ನಿಂತಿದ್ದರು. ಹೊಸ ಗಡಿಯಾರ ನೋಡಿಕೊಳ್ಳುವ ಉಮೇದು ಅವರಿಗೆ.

“ಏನವಾ, ನಾಕೂವರಿಗೆ ಬರ್ತಾರೇನು ಡ್ಯೂಟಿಗೆ? ಕೌಂಟರ್ ಬಂದ್ ಮಾಡೂ ಹೊತ್ತಿದು.”

“ಸರ್, ಈಗ ಮುಂಜಾನಿ ಹತ್ತ್ರಿ. ಹೊರಗ ನೋಡ್ರಿ, ಬಿಸಲು ಇನ್ನೂ ಮೂಡಲ ಕಡಿ ಐತಿ.”

“ಬಿಸಲು ನಮ್ಮ ಸಂಘದ ಸದಸ್ಯ ಏನವಾ?”

ಅದು ಸದಸ್ಯನಲ್ಲ, ನಾನು ಖುದ್ದು ತಪಾಸು ಮಾಡಿದ್ದೇನೆ. ಸಂಘದ ಆವರಣದಲ್ಲಿ ಸಂಘದ ಗಡಿಯಾರವೇ ಪ್ರಮಾಣ ಎಂಬ ಠರಾವು ಆಗಲೇ ಆಗಿತ್ತು. ಗೋಡೆ ಗಡಿಯಾರಕ್ಕೆ ಹನ್ನೆರಡು ಅಂಕಿಗಳಿದ್ದವಾದ್ದರಿಂದ ಅದನ್ನು ಆಡಂಬರವೆಂದು ಇಳಿಸಲಾಗಿತ್ತು. ಮೊಬೈಲುಗಳನ್ನು ಬೋರಲು ಇಡಬೇಕಿತ್ತು. ಜಯಮಾಲಾಳ ಹೆಸರಿನ ಮುಂದೆ ಮೊದಲ ಕೆಂಪು ಗುರುತು ಬಿತ್ತು.

ಸಂಜೆ ನಾಲ್ಕೂವರೆಗೆ ಅವಳು ಚೀಲ ಹೆಗಲಿಗೇರಿಸಿ ಹೊರಟಾಗ ಅಧ್ಯಕ್ಷರ ಗಡಿಯಾರ ಹತ್ತು ದಾಟಿತ್ತು. “ಈಗರ ಬಾಗಲಾ ತಗದೇವಿ. ಎಲ್ಲಿಗೆ ಹೊಂಟಿ?” ಎಂದು ಅವರು ನಿಜವಾಗಿಯೂ ನೊಂದುಕೊಂಡು ಕೇಳಿದರು. ಎರಡನೆಯ ಗುರುತೂ ಬಿತ್ತು.

ಅವಳು ನನ್ನ ಮೇಜಿನ ಹತ್ತಿರ ಬಂದಳು. ಕಣ್ಣು ಕೆಂಪಗಾಗಿದ್ದವು.

“ಸರ್, ಸಾವಕಾರ್ರ ವಾಚ್ ಬುಡಮ್ಯಾಲಾಗಿ ಕಟ್ಟ್ಯಾರ್ರಿ.”

“ಗೊತ್ತೈತವಾ.”

“ಮತ್ತ ಹೇಳ್ರಲ್ಲ!”

“ಎಲ್ಲಾರಿಗೂ ಗೊತ್ತೈತಿ. ಅದಕ್ಕ ಯಾರೂ ಹೇಳೂದಿಲ್ಲ.”

“ಬಿಚ್ಚಿ ತಿರುವಿ ಕಟ್ಟಿದ್ರ ಆತಲ್ರಿ. ಎಷ್ಟೊತ್ತಿನ ಕೆಲಸ ಅದು? ನನ್ನ ನೌಕರಿ ಹೊಂಟೈತ್ರಿ ಸರ್.”

ಪಾಪ, ಅವಳಿಗೆ ಸಾರ್ವಜನಿಕ ಜೀವನದ ಅನುಭವ ಕಡಿಮೆ. ಮಾನ್ಯರು ಕೈಯಾರೆ ಕಟ್ಟಿದ್ದನ್ನು ಬಿಚ್ಚುವುದೆಂದರೆ ಮಾನ್ಯರಿಗೆ ಗಡಿಯಾರ ಕಟ್ಟಲು ಬರುವುದಿಲ್ಲ ಎಂದಂತೆ. ಅಧ್ಯಕ್ಷರು ಸ್ನಾನಕ್ಕೂ ಅದನ್ನು ಬಿಚ್ಚುತ್ತಿರಲಿಲ್ಲ. ಪ್ಲಾಸ್ಟಿಕ್ ಚೀಲ ಸುತ್ತಿ ಮೀಯುತ್ತಿದ್ದರು. ಮೇಲಾಗಿ ಕಟ್ಟುವ ಫೋಟೋ ಪತ್ರಿಕೆಯಲ್ಲಿ ಬಂದಿತ್ತು. ಅಚ್ಚಾದದ್ದು ತಪ್ಪಾಗುವುದು ಹೇಗೆ?

ಆದರೂ ನನಗೆ ಕರುಣೆ ಬಂತು. ಅವಳನ್ನು ಎರಡು ದಿನ ರಜೆಯ ಮೇಲೆ ಕಳಿಸಿ, ಸಮಯ ಸಮನ್ವಯ ಉಪಸಮಿತಿ ರಚಿಸಿದೆ. ಸಮಿತಿಯ ಮುಂದೆ ಬಸಣ್ಣ ಒಂದು ಸೂಚನೆ ಇಟ್ಟ. “ಸಾವಕಾರ್ರ ಎದುರಿಗೆ ನಿಂತ್ರ ವಾಚ್ ನೆಟ್ಟಗ ಕಾಣತೈತ್ರಿ. ನಾ ಎದುರಿಗೆ ನಿಂತು ಟೈಮ್ ಓದಿ ಹೇಳ್ತೇನಿ.” ಸೂಚನೆ ಛಲೋ ಇತ್ತು. ಆದರೆ ‘ಸಮಯ ವಾಚಕ’ ಎಂಬ ಹುದ್ದೆ ಮಂಜೂರಾಗಿರಲಿಲ್ಲವಾದ್ದರಿಂದ ಕೈಬಿಡಲಾಯಿತು. ಕೊನೆಗೆ ಸಮಿತಿ ಎಲ್ಲಕ್ಕಿಂತ ಸುಲಭದ ದಾರಿ ಹಿಡಿಯಿತು: ಅಧ್ಯಕ್ಷರ ಗಡಿಯಾರ ಇದ್ದಂತೆ ಇರಲಿ, ಉಳಿದವರೆಲ್ಲ ತಮ್ಮದನ್ನು ತಿರುವಿ ಕಟ್ಟಿಕೊಳ್ಳಲಿ. ಸುತ್ತೋಲೆ ಹೀಗಿತ್ತು:

“ಸಿಬ್ಬಂದಿಯ ಗಡಿಯಾರಗಳು ಮಾನ್ಯ ಅಧ್ಯಕ್ಷರ ಗಡಿಯಾರದೊಂದಿಗೂ, ಆಭರಣಗಳು ತಮ್ಮ ಗಡಿಯಾರದೊಂದಿಗೂ ಹೊಂದತಕ್ಕದ್ದು. ಸೂರ್ಯೋದಯ, ಸೂರ್ಯಾಸ್ತ, ಹಸಿವು ಇತ್ಯಾದಿ ಖಾಸಗಿ ಮೂಲಗಳಿಂದ ಪಡೆದ ಸಮಯವನ್ನು ಪರಿಗಣಿಸಲಾಗುವುದಿಲ್ಲ.”

ಮೊದಮೊದಲು ಸಿಬ್ಬಂದಿ ಗೊಣಗಿತು. ಆಗ ನಾನೇ ಕೂತು ಲೆಕ್ಕ ಬಿಡಿಸಿ ತೋರಿಸಿದೆ. ಹೊಸ ಪ್ರಕಾರ ಮುಂಜಾನೆ ಬಂದ ಕೂಡಲೇ ಕಚೇರಿ ಮುಗಿಯುತ್ತದೆ. ಆಮೇಲೆ ದಿನವಿಡೀ ಕೂತದ್ದೆಲ್ಲ ಹೆಚ್ಚುವರಿ ಕೆಲಸ, ಅದಕ್ಕೆ ಬೇರೆ ಭತ್ಯೆ. ಸಂಜೆ ಮನೆಗೆ ಹೊರಟಾಗ ಕಚೇರಿ ಶುರು. ಮನೆಯಲ್ಲಿ ಉಂಡು ಮಲಗಿದ್ದೆಲ್ಲ ಕರ್ತವ್ಯದ ಮೇಲೆ. ಗೊಣಗಾಟ ಅಲ್ಲಿಗೆ ನಿಂತಿತು. ಪಂಢರಿನಾಥರು ಮಾತ್ರ ಕರ್ತವ್ಯದ ವೇಳೆ ಅಂದರೆ ಮಲಗಿದಾಗಲೂ ಸೆಟ್ ಧರಿಸಬೇಕಾಗುತ್ತದೆ ಎಂದು ನೆನಪಿಸಿ, ಚುಚ್ಚದಂಥ ರಾತ್ರಿಬಳಕೆಯ ಸೆಟ್ಟಿಗೆ ಆರ್ಡರು ಪಡೆದರು. ಅದರಲ್ಲಿ ಪದಕವೂ ಇಲ್ಲ, ಆದ್ದರಿಂದ ಬೆಲೆ ಸ್ವಲ್ಪ ಹೆಚ್ಚು.

ಇನ್ನು ಗ್ರಾಹಕರ ಕೆಲಸ. ಅದು ನಿಯಮದಂತೆ ಕಚೇರಿ ವೇಳೆಯಲ್ಲಿ ಮಾತ್ರ. ಕಚೇರಿ ವೇಳೆಯಲ್ಲಿ ನಾವೆಲ್ಲ ಮನೆಯಲ್ಲಿ ಕರ್ತವ್ಯದ ಮೇಲಿರುವುದರಿಂದ ಬಾಗಿಲು ಹಾಕಿರುತ್ತದೆ. ಅಂದಿನಿಂದ ಒಂದೂ ದೂರು ದಾಖಲಾಗಿಲ್ಲ.

ಜಯಮಾಲಾ ಮಾತ್ರ ಗಡಿಯಾರ ತಿರುವಲಿಲ್ಲ. “ಸುಳ್ಳು ಹೆಂಗ್ ಕಟ್ಟಿಕೊಳ್ಳೂದ್ರಿ ಸರ್ ಕೈಗೆ?” ಎಂದಳು. ರಜೆ ಮುಗಿದ ಮರುದಿನವೇ ಇದ್ದ ಸಂದರ್ಶನಕ್ಕೆ ಹಾಗೆಯೇ ಒಳಗೆ ಬಂದಳು. ಮೂಡಲ ಕಿಟಕಿಯಿಂದ ಎಳೆ ಬಿಸಿಲು ಮೇಜಿನ ಮೇಲೆಲ್ಲ ಬಿದ್ದಿತ್ತು. ಬಸಣ್ಣ ಮಂಡಳಿಗೆ ಬಿಸಿ ಉಪ್ಪಿಟ್ಟು ಹಂಚುತ್ತಿದ್ದ. ಅಧ್ಯಕ್ಷರು ಕೇಳಿದ್ದು ಒಂದೇ ಪ್ರಶ್ನೆ.

“ಈಗ ಎಷ್ಟಾತವಾ?”

ಅವಳು ಕಿಟಕಿ ನೋಡಿದಳು. ಉಪ್ಪಿಟ್ಟು ನೋಡಿದಳು. ನನ್ನನ್ನೂ ನೋಡಿದಳು, ನಾನು ಫ್ಯಾನ್ ನೋಡಿದೆ. ಬೆಂಡೋಲೆಯಿಲ್ಲದ ಕಿವಿಯನ್ನು ಮುಟ್ಟಿಕೊಂಡಳು. ಆಮೇಲೆ ಮೆಲ್ಲಗೆ ಪಟ್ಟಿ ಬಿಚ್ಚಿ ಗಡಿಯಾರ ತಿರುವಿ ಕಟ್ಟಿಕೊಂಡು, ನೆಲ ನೋಡುತ್ತ, “ನಾಕೂವರಿ ಆತ್ರಿ ಸರ್,” ಎಂದಳು.

“ಶಾಣ್ಯಾಕಿ!” ಎಂದರು ಅಧ್ಯಕ್ಷರು. ಮಂಡಳಿ ಚಪ್ಪಾಳೆ ತಟ್ಟಿತು. ಎರಡನೆಯ ಬೆಂಡೋಲೆಯನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಅಕ್ಕಿಯಿಂದ ಉಡಿ ತುಂಬಿ ಕೊಡಲಾಯಿತು. ಅಷ್ಟು ಸಣ್ಣ ಬೆಂಡೋಲೆ ಅಕ್ಕಿಯಲ್ಲಿ ಕಳೆದುಹೋಗಿ ಎಲ್ಲರೂ ಹುಡುಕಬೇಕಾಯಿತು, ಅದು ಬೇರೆ ಮಾತು. ನಾನು ನನ್ನ ಉಪ್ಪಿಟ್ಟಿನ ತಟ್ಟೆಯನ್ನು ಬದಿಗೆ ಸರಿಸಿದೆ. ಉಪ್ಪು ಹೆಚ್ಚಾಗಿತ್ತೆಂದು ಕಾಣುತ್ತದೆ.

ಮರುದಿನದಿಂದ ಜಯಮಾಲಾ ಕೌಂಟರಿನಲ್ಲಿ ಕಾಯಂ ಆಗಿ ಕೂತಳು. ಮೊದಲು ಬಂದವಳು ಗಬ್ಬೂರಿನ ದುರಗವ್ವ. ಮೊಮ್ಮಗಳ ಕಾಲೇಜಿನ ಫೀ ಕಟ್ಟಲು ತನ್ನ ಠೇವಣಿ ಬಿಡಿಸಿಕೊಳ್ಳಬೇಕಿತ್ತು. ಬಾಗಿಲ ಸಂದಿಯಿಂದ ಬಿಸಿಲು ಅವಳ ಬೆನ್ನ ಹಿಂದೆಯೇ ಒಳಗೆ ಬಂತು.

“ಟೈಮ್ ಮುಗೀತ್ರಿ ಆಯೀ. ಸಂಜಿ ಆತು,” ಎಂದಳು ಜಯಮಾಲಾ. ಹೇಳುವಾಗ ಅವಳಿಗೆ ನಾಚಿಕೆಯಾಯಿತು, ನನಗೆ ಕಾಣಿಸಿತು. ಆದರೆ ಕಾಯಂ ನೌಕರರ ನಾಚಿಕೆ ಬಹಳ ಹೊತ್ತು ನಿಲ್ಲುವುದಿಲ್ಲ.

“ಈಗರ ರೊಟ್ಟಿ ತಿಂದು ಬಂದೇನಿ ನಮ್ಮವ್ವಾ!”

ಜಯಮಾಲಾ ಕೈ ಮುಂದೆ ಚಾಚಿದಳು. ದುರಗವ್ವ ಬಗ್ಗಿ ನೋಡಿದಳು.

“ಇದರಾಗ ಏನೂ ಇಲ್ಲಲ್ಲ?”

“ಹೂಂ ರಿ. ಭಾಳ ತುಟ್ಟೀದು.”

ದುರಗವ್ವ ಬಿಳಿ ಬಿಲ್ಲೆಯನ್ನೊಮ್ಮೆ, ಹುಡುಗಿಯ ಎರಡೂ ಕಿವಿಗಳನ್ನೊಮ್ಮೆ, ನನ್ನ ಕಿವಿಗಳನ್ನೊಮ್ಮೆ ನೋಡಿದಳು. ಕಲಿತವರು ಇಷ್ಟು ಮಂದಿ ಕೂಡಿ ಸುಳ್ಳು ಹೇಳಲಿಕ್ಕಿಲ್ಲ ಅನಿಸಿತೋ ಏನೋ, ಸೆರಗು ತಲೆಯ ಮೇಲೆ ಹೊದ್ದುಕೊಂಡಳು.

“ಹೌದಲ್ಲ, ತಡಾ ಆತು. ಹೊತ್ತ ಮುಳುಗೂದ್ರಾಗ ಮನಿ ಸೇರಿ ದೀಪಾ ಹಚ್ಚಬೇಕು,” ಎನ್ನುತ್ತ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಲಗುಬಗೆಯಿಂದ ಮೆಟ್ಟಿಲಿಳಿದಳು. ಎದುರಾದ ಗ್ರಾಹಕರನ್ನೂ, ಕತ್ತಲಾಗುತ್ತದೆ, ದಾರಿ ನೋಡಿಕೊಂಡು ಹೋಗಿರಿ ಎಂದು ಎಚ್ಚರಿಸಿ, ಜೊತೆಗೇ ಕರೆದುಕೊಂಡು ಹೋದಳು.