ರೆಕ್ಕೆಯ ಮೇಲೆ ಐದು ಬೆರಳು

ಹೆದರಿಕೆಗೆ ಕತ್ತಲೆಯೇ ಬೇಕು ಎನ್ನುವವರು ಚಳ್ಳಕೆರೆಯ ಮಟಮಟ ಮಧ್ಯಾಹ್ನವನ್ನು ಕಂಡಿಲ್ಲ. ನಾನು ಬೆಚ್ಚಿಬಿದ್ದದ್ದು ಹಗಲು ಎರಡು ಗಂಟೆಗೆ, ಅದೂ ಬಾಷಾ ಸಾಬರ ಐಸ್ ಫ್ಯಾಕ್ಟರಿಯಲ್ಲಿ. ಆಗ ನಾನು ಪೈಲಟ್ ಇಲ್ಲದ ಪುಟ್ಟ ವಿಮಾನಗಳ ಕೆಲಸದಲ್ಲಿದ್ದೆ. ಹಿಮಾಲಯದ ಮೋಡ ಹೊಕ್ಕರೆ ಅವುಗಳ ರೆಕ್ಕೆಗೆ ಐಸ್ ಕಟ್ಟುತ್ತದೆ, ವಿಮಾನ ದೊಪ್ಪೆಂದು ಬೀಳುತ್ತದೆ. ರೆಕ್ಕೆಯ ಮುಂದಂಚಿಗೆ ಸಣ್ಣ ತೂತು ಕೊರೆದು ಬೆಚ್ಚನೆಯ ಗಾಳಿ ಊದಿದರೆ, ಮೇಲೆ ಹರಿಯುವ ಗಾಳಿಯ ದಾರಿ ಬದಲಾಗಿ ನೀರಹನಿ ಕೂರುವುದಿಲ್ಲ ಎಂಬುದು ನನ್ನ ಉಪಾಯ. ಕುರಿಗಳೂ ನೆರಳು ಹುಡುಕುವ ಈ ಊರಲ್ಲಿ ಹಿಮ ಎಲ್ಲಿ ಸಿಗಬೇಕು? ಹಾಗಾಗಿ ಸಾಬರ ಐಸ್ ಕೋಣೆಯಲ್ಲಿ ರೆಕ್ಕೆ ನಿಲ್ಲಿಸಿ, ಎದುರಿಗೆ ಫ್ಯಾನಿಟ್ಟು, ನೀರು ಸಿಂಪಡಿಸಿ, ಬಾಗಿಲು ಹಾಕಿ ಕಾಯುತ್ತಿದ್ದೆ.

ಮೊದಲ ದಿನ ರೆಕ್ಕೆಯೆಲ್ಲ ಬೆಳ್ಳಗಾದರೂ ಮುಂದಂಚಿನ ಹತ್ತಿರ ಒಂದಿಷ್ಟು ಜಾಗ ಬೋಳಾಗಿ ಉಳಿಯಿತು. ಕುಣಿದಾಡಿಬಿಟ್ಟೆ. ಉಪಾಯ ಫಲಿಸಿತೆಂದು ಅಂದೇ ನಮ್ಮ ಆಫೀಸಿನ ದೊಡ್ಡ ಸಾಹೇಬರಿಗೆ ವರದಿ ಕಳಿಸಿದೆ. ಮೂರನೆಯ ದಿನ ಗಾಳಿ ಊದುವ ಯಂತ್ರ ಹಾಕುವುದನ್ನೇ ಮರೆತಿದ್ದೆ. ಬಾಗಿಲು ತೆಗೆದರೆ ಬಿಳಿ ಹೊಗೆ. ಊದುವ ಯಂತ್ರ ನಿಂತಿದ್ದರೂ ತೂತುಗಳು ಸಣ್ಣಗೆ ಸಿಳ್ಳೆ ಹಾಕುತ್ತಿದ್ದವು. ಬೋಳು ಜಾಗ ಅಲ್ಲೇ ಇತ್ತು, ಈ ಸಲ ಸ್ಪಷ್ಟವಾಗಿ: ಒಂದು ಅಂಗೈ, ಐದು ಬೆರಳು.

ನನ್ನನ್ನು ಬಿಟ್ಟರೆ ಬೀಗದಕೈ ಇದ್ದದ್ದು ಸಾಬರ ಹತ್ತಿರ ಮಾತ್ರ. ಕೂಗಿ ಕರೆದೆ. ಅವರು ಬಲಗೈ ಎತ್ತಿ ತೋರಿಸಿದರು. "ನಂದಲ್ಲ ಸಾರ್, ಅಲ್ಲಾ ಕಸಮ್. ನನಗಿರೋದೇ ನಾಲ್ಕು." ಒಂದು ಬೆರಳನ್ನು ಯಾವಾಗಲೋ ಕಂಪ್ರೆಸರ್ ಬೆಲ್ಟ್ ನುಂಗಿತ್ತು.

ಸಾಬರು ಆ ಗುರುತನ್ನು ಸವರಿ ನಾಲಿಗೆಗೆ ಹಚ್ಚಿಕೊಂಡರು. "ಉಪ್ಪು ಐತೆ ಸಾರ್. ಒಳಗೆ ಬರೋವಾಗ ಐಸ್ ಡಬ್ಬ ಮುಳುಗಿಸೋ ಉಪ್ಪುನೀರಿನ ತೊಟ್ಟಿ ಅಂಚು ಹಿಡ್ಕಂಡೇ ಬರ್ತೀರಿ. ಆಮೇಲೆ ರೆಕ್ಕೆ ಮುಟ್ಟಿ ಕಣ್ಣಿಗೆ ಒತ್ಕಂತೀರಿ. ಉಪ್ಪಿದ್ದ ಕಡೆ ಐಸ್ ಹೆಂಗೆ ಕಟ್ತೈತೆ? ದಿನಾ ನೋಡ್ತೀನಿ. ಕಣ್ಣು ಉರಿಯಲ್ವಾ ನಿಮಗೆ?"

ಉರಿಯುತ್ತಿತ್ತು. ಚಳಿಗೆ ಎಂದುಕೊಂಡಿದ್ದೆ. ಆ ಸಿಳ್ಳೆಯೂ ಎದುರಿನ ಫ್ಯಾನಿನ ಗಾಳಿಯದೇ. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಯಾರೂ ನೇಯಲು ಕೂರುತ್ತಿರಲಿಲ್ಲ. ವಿಮಾನದ ರೆಕ್ಕೆಗೂ ನನ್ನ ಕೈ ಅದೇ ಮರ್ಯಾದೆ ಕೊಡುತ್ತಿತ್ತು.

ಮರುದಿನ ರೆಕ್ಕೆ ತೊಳೆದು, ಮೂರು ಸಲ ಸೋಪು ಹಾಕಿ ಕೈ ತೊಳೆದು, ನಮಸ್ಕಾರ ಮಾಡದೆ, ಊದುವ ಯಂತ್ರವನ್ನು ಜೋರಾಗಿ ಹಾಕಿದೆ. ಬಾಗಿಲು ತೆಗೆದಾಗ ರೆಕ್ಕೆ ಅಂಚಿನಿಂದ ಅಂಚಿಗೆ ಬೆಳ್ಳಗಿತ್ತು. ಅಷ್ಟರಲ್ಲಿ ಸಾಹೇಬರ ಫೋನು: "ವರದಿ ಮೇಲಿನವರಿಗೆ ಬಹಳ ಹಿಡಿಸಿದೆ. ಸೋಮವಾರ ನೋಡೋಕೆ ಬರ್ತಿದ್ದಾರೆ. ಏನನ್ನೂ ಬದಲಾಯಿಸಬೇಡಿ."

"ಆಗಲಿ ಸರ್" ಎಂದುಬಿಟ್ಟೆ. ಪಿಶಾಚಿಯ ಕೈಯಾಗಿದ್ದರೆ ಒಂದು ಕೋಳಿ ಕೊಟ್ಟು ಸಮಾಧಾನ ಮಾಡಬಹುದಿತ್ತು. ನನ್ನದೇ ಆದ ಈ ಕೈಗೆ ಸೋಮವಾರ ಏನು ಹೇಳಲಿ, ರೆಕ್ಕೆ ಮುಟ್ಟು ಎಂದೋ, ಮುಟ್ಟಬೇಡ ಎಂದೋ?