ಕಾಫಿ ಒಳ್ಳೆಯದಿರುವ ಕಟ್ಟಡ

ಕೊರಿಯಾದ ಡೇಗು ನಗರದ ನಮ್ಮ ವಸತಿ ಸಮುಚ್ಚಯದಲ್ಲಿ ಕಾಫಿಯು ನೂರಾ ಒಂದನೇ ಕಟ್ಟಡದವರ ಆರೋಗ್ಯಕ್ಕೆ ಒಳ್ಳೆಯದು, ನೂರಾ ಎರಡನೇ ಕಟ್ಟಡದವರ ಆರೋಗ್ಯಕ್ಕೆ ಕೆಟ್ಟದ್ದು. ನಿವಾಸಿಗಳ ಸಭೆ ಇದನ್ನು ವಿಧಿವತ್ತಾಗಿ ಅಂಗೀಕರಿಸಿರುವುದರಿಂದ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಮೊದಲು ಹೀಗಿರಲಿಲ್ಲ. ನಮ್ಮಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ಸಮುಚ್ಚಯದ ಕಚೇರಿಯ ಧ್ವನಿವರ್ಧಕ ಇದೆ. ಅದನ್ನು ಆರಿಸುವ ಗುಂಡಿ ಇಲ್ಲ. ಅದರಲ್ಲಿ ಪ್ರಕಟಣೆ, ಆರೋಗ್ಯ ಸಲಹೆ ಓದುವುದು ನನ್ನ ಕೆಲಸ. ಕಾಫಿ ಹೃದಯಕ್ಕೆ ಹಿತವೆಂದು ಸೋಮವಾರ ಓದಿದೆ. ಅದೇ ಕಾಫಿ ಮೂಳೆ ತಿನ್ನುತ್ತದೆಂದು ಬುಧವಾರ ಓದಿದೆ. ಎರಡನ್ನೂ ಒಂದೇ ಧ್ವನಿಯಲ್ಲಿ, ಒಂದಕ್ಷರವೂ ತಪ್ಪದೆ ಓದಿದ್ದೇನೆ, ನನ್ನ ಕಡೆಯಿಂದ ಲೋಪವಿಲ್ಲ. ಆದರೂ ಜನ ನಿದ್ದೆಗೆಟ್ಟರು. ನೂರಾ ಒಂದರ ಬೊಂಗ್‌ನಮ್ ಅಜ್ಜಿಯಂತೂ ಕಚೇರಿಗೇ ಬಂದರು.

"ಅಲ್ಲಪ್ಪಾ, ಯಜಮಾನ್ರು ಹೋದ್ಮೇಲೆ ನನಗಿರೋದು ಒಂದೇ ಸುಖ. ಮಧ್ಯಾಹ್ನ ಪಿಲ್‌ಸುನ್ ಬರ್ತಾಳೆ, ಇಬ್ರೂ ಪೊಟ್ಟಣದ ಕಾಫಿ ಕಲಸ್ಕೊಂಡು ಕುಡೀತೀವಿ, ಊರವರನ್ನೆಲ್ಲ ಬಯ್ತೀವಿ. ಈಗ ಲೋಟ ಎತ್ತಿ ಎತ್ತಿ ಕೆಳಗಿಡ್ತೀನಿ. ಕುಡೀಲೋ ಬೇಡ್ವೋ? ಒಂದು ಮಾತು ಹೇಳಿ ಪುಣ್ಯ ಕಟ್ಕೋ."

ವ್ಯವಸ್ಥಾಪಕರಾದ ತಾಕ್ ಅವರು ನ್ಯಾಯವಂತರು. ಅಭಿಪ್ರಾಯ ಎರಡು, ಕಟ್ಟಡ ಎರಡು. ಸಭೆ ಕರೆದು, ಯಾವ ಕಟ್ಟಡಕ್ಕೆ ಯಾವುದೆಂದು ಚೀಟಿ ಎತ್ತಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಫಿ ಒಳ್ಳೆಯದಾಗಿರುವ ಕಟ್ಟಡದಲ್ಲಿ ಮನೆಗಳ ಬೆಲೆ ವಾರದೊಳಗೆ ಏರಿತು.

ಪಿಲ್‌ಸುನ್ ಅಜ್ಜಿಯ ಮನೆ ನೂರಾ ಎರಡರಲ್ಲಿ. ಎಂದಿನಂತೆ ಗೆಳತಿಯ ಮನೆಗೆ ಹೊರಟವರನ್ನು ನೂರಾ ಒಂದರ ಮಾಲೀಕರು ಬಾಗಿಲಲ್ಲೇ ತಡೆದರು. ಹೊರಗಿನವರು ಬಂದು ಪುಕ್ಕಟೆ ಆರೋಗ್ಯ ಅನುಭವಿಸಿ ಹೋದರೆ ನಮ್ಮ ಮನೆಗಳ ಬೆಲೆ ಏನಾಗಬೇಕು ಎಂದು ಕೇಳಿದರು. ನಿಜ ತಾನೇ? ಕಾರು ನಿಲ್ಲಿಸುವ ಅಂಗಳದ ನಡುವೆ ಹಳದಿ ಬಣ್ಣದ ಗಡಿಗೆರೆ ಎಳೆಸಿದೆವು.

ಮರುದಿನ ಇಬ್ಬರು ಅಜ್ಜಿಯರೂ ಗೆರೆಯ ಆಚೆ ಈಚೆ ಕುರ್ಚಿ ಹಾಕಿಕೊಂಡು ಕೂತರು. ಪಿಲ್‌ಸುನ್ ಗೆರೆಯಾಚೆಗೆ ಕತ್ತು ಚಾಚಿ, ಗೆಳತಿ ಹಿಡಿದ ಲೋಟದಿಂದ ಒಂದು ಗುಟುಕು ಎಳೆದರು. ತಾಕ್ ಓಡಿ ಬಂದರು.

"ಅಜ್ಜೀ, ಇದು ನಿಯಮಕ್ಕೆ ವಿರುದ್ಧ!"

"ಯಾಕಪ್ಪಾ? ನನ್ನ ಬಾಯಿ ನೂರಾ ಒಂದರಲ್ಲಿದೆ. ಅಲ್ಲಿ ಕಾಫಿ ಒಳ್ಳೇದು ತಾನೇ?"

"ಹೊಟ್ಟೆ ನೂರಾ ಎರಡರಲ್ಲಿದೆಯಲ್ಲ!"

"ಹೊಟ್ಟೆಗೆ ನೀನೇ ಮೈಕಲ್ಲಿ ಹೇಳು. ಅದಕ್ಕಿನ್ನೂ ಗೊತ್ತಿಲ್ಲ."

ತುರ್ತು ಸಭೆ ಸೇರಿತು. ನಾನು ಓದಿದ ನಿರ್ಣಯ ಹೀಗಿತ್ತು: "ಸಮಸ್ತ ನಿವಾಸಿಗಳ ಗಮನಕ್ಕೆ. ಇನ್ನು ಮುಂದೆ ಬಾಯಿ ಇರುವ ವಿಳಾಸವನ್ನೇ ವ್ಯಕ್ತಿಯ ವಿಳಾಸವೆಂದು ಪರಿಗಣಿಸತಕ್ಕದ್ದು. ಕತ್ತು ಚಾಚುವುದು ಬೆನ್ನಿಗೆ ಹಾನಿಕರವಾದ್ದರಿಂದ, ಗಡಿಗೆರೆಯನ್ನು ಒಂದು ಮುಖದ ಅಳತೆಗೆ ನೂರಾ ಎರಡರ ಕಡೆ ಬಾಗಿಸಲಾಗಿದೆ."

ಬೊಂಗ್‌ನಮ್ ಅಜ್ಜಿ ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡರು.

ಆದರೆ ನೂರಾ ಎರಡರಲ್ಲಿ ಬಾಯಿ ಇರುವವರು ಪಿಲ್‌ಸುನ್ ಒಬ್ಬರೇ ಅಲ್ಲ. ಬೆಳಗಾಗುವುದರೊಳಗೆ ಆ ಬಾಗಿದ ಗೆರೆಯ ಮುಂದೆ ಸಾಲು ನಿಂತಿತ್ತು. ನೂಕುನುಗ್ಗಲಾಗಿ, ಚೀಟಿ ಕೊಟ್ಟು, ತಲೆಗೆ ವಾರಕ್ಕೊಂದು ಸರದಿ ಮಾಡಿದೆವು. ಪಿಲ್‌ಸುನ್ ಅಜ್ಜಿಗೆ ಗುರುವಾರ ಸಿಕ್ಕಿತು. ಉಳಿದ ದಿನ ಅವರು ತಮ್ಮ ಮನೆಯಲ್ಲಿ ಬಾರ್ಲಿ ನೀರು ಕುಡಿಯುತ್ತಾರೆ. ಬೊಂಗ್‌ನಮ್ ತಮ್ಮ ಮನೆಯಲ್ಲಿ ಒಬ್ಬರೇ ಒಳ್ಳೆಯ ಕಾಫಿ ಕುಡಿಯುತ್ತಾರೆ. ಈ ವ್ಯವಸ್ಥೆಯ ಬಗ್ಗೆ ದೂರುಗಳಿಲ್ಲ.

ನಿನ್ನೆ ಗುರುವಾರ. ಸಮಯ ಮುಗಿಯಿತೆಂದು ನಾನು ಸೀಟಿ ಊದಿದಾಗ ಪಿಲ್‌ಸುನ್ ಎದ್ದರು.

"ಮುಂದಿನ ವಾರ ಬರ್ತೀಯಲ್ಲೇ?" ಎಂದರು ಬೊಂಗ್‌ನಮ್.

"ಬದುಕಿದ್ರೆ ಬರ್ತೀನಿ ಕಣೇ."

"ಬದುಕಿರ್ತೀಯ ಬಿಡು. ವಾರವೆಲ್ಲ ಕಾಫಿ ಕುಡಿಯಲ್ಲ, ನನ್ನ ಮುಖ ನೋಡಲ್ಲ. ಸಾಯೋಕೆ ನಿನಗೆ ಇನ್ನೇನು ಕಾರಣ ಉಳಿದಿದೆ?"

ನಾನು ಸೀಟಿಯನ್ನು ಜೇಬಿಗಿಟ್ಟುಕೊಂಡೆ. ಮುಂದಿನ ಚೀಟಿಯವರು ಬರಬಹುದು ಎಂದು ಸ್ಪಷ್ಟವಾಗಿ ಕೂಗಿದೆ.