ಬೈ ಟು ಜೊತೆಗಾರ ಬೇಕಾಗಿದ್ದಾನೆ

ತೂಕ ಇಳಿಸಿಕೊಂಡವನನ್ನು ಕಂಡರೆ ಜನ ಮೊದಲು ಹೊಗಳುತ್ತಾರೆ, ಆಮೇಲೆ ಪಕ್ಕಕ್ಕೆ ಕರೆದು ಏನು ಕಾಯಿಲೆ ಎಂದು ವಿಚಾರಿಸುತ್ತಾರೆ. ನಾನು ಎರಡು ಸಲ ಇಳಿಸಿಕೊಂಡವನು. ಬಸ್ಸಿನಲ್ಲಿ ಇಬ್ಬರ ಜಾಗ ಹಿಡಿಯುತ್ತೇನೆಂದು ಬೈಸಿಕೊಂಡು ಸಾಕಾಗಿ ಆಪರೇಷನ್ ಮಾಡಿಸಿಕೊಂಡೆ. ಹೊಟ್ಟೆಯನ್ನು ಕೊಯ್ದು ಚಿಕ್ಕದು ಮಾಡಿದರು. ಹೋದ ತೂಕ ಎರಡೇ ವರ್ಷದಲ್ಲಿ ನೆಂಟರಿಷ್ಟರನ್ನೂ ಕರೆದುಕೊಂಡು ವಾಪಸು ಬಂತು. ಎರಡನೆಯ ಸಲ ಕರುಳಿಗೇ ಬೈಪಾಸ್ ಹಾಕಿದರು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕೆಲಸಕ್ಕೆಂದು ಬಸ್ಸುಗಳನ್ನು ಬೇರೆ ದಾರಿಗೆ ತಿರುಗಿಸುತ್ತಿದ್ದ ಕಾಲ. ನನ್ನ ಹೊಟ್ಟೆಯೊಳಗೂ ಅದೇ ವ್ಯವಸ್ಥೆಯಾಯಿತು. ಈಗ ಸಿಹಿ ತಿಂದರೆ ಬೆವರು, ಆತುರದಲ್ಲಿ ನುಂಗಿದರೆ ವಾಂತಿ, ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. "ಲೈಫ್ ಹೇಗಿದೆ?" ಎಂದು ಡಾಕ್ಟರು ಕೇಳಿದಾಗಲೆಲ್ಲ "ಶರ್ಟು ಸಡಿಲ ಆಗಿದೆ ಸಾರ್" ಎನ್ನುತ್ತೇನೆ. ಅದಕ್ಕಿಂತ ಒಳ್ಳೆಯ ಸುದ್ದಿ ನನ್ನಲ್ಲಿಲ್ಲ.

ನಿಜವಾದ ಕಷ್ಟವಿರುವುದು ಪೀಣ್ಯದಲ್ಲಿ, ನಮ್ಮ ಕಾರ್ಖಾನೆಯ ಗೇಟಿನೆದುರು ನಿಂತುಕೊಂಡೇ ತಿನ್ನುವ ದರ್ಶಿನಿಯಲ್ಲಿ. ಅಲ್ಲಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಬೈ ಟು ಕೊಡುತ್ತಾರೆ. ನನ್ನ ಹೊಟ್ಟೆಯಲ್ಲಿ ಹಿಡಿಯುವ ಅರ್ಧ ಇಡ್ಲಿಯನ್ನು ಮಾತ್ರ ಯಾರೂ ಕೊಡುವುದಿಲ್ಲ. ಹಾಗಾಗಿ ನನಗೆ ಜೊತೆಗಾರನಿಲ್ಲದೆ ತಿಂಡಿಯಿಲ್ಲ. ಲೇತ್ ಮಿಷನ್ನಿನ ಪುಟ್ಟಸ್ವಾಮಿ ಆ ಹೊಣೆ ಹೊತ್ತಿದ್ದ. ಎರಡು ಇಡ್ಲಿ, ಒಂದು ವಡೆ ಬಂದರೆ ನನಗೆ ಅರ್ಧ ಇಡ್ಲಿ, ಮಿಕ್ಕದ್ದು ಅವನಿಗೆ. ನಾನು ಆ ಅರ್ಧವನ್ನು ಅಗಿದು ಮುಗಿಸುವಷ್ಟರಲ್ಲಿ ಅವನು ಫೋರ್‌ಮನ್ನನ್ನು ಬೈದು, ಮಗಳ ಸ್ಕೂಲಿನ ಕಥೆಯನ್ನೂ ಹೇಳಿರುತ್ತಿದ್ದ. "ನಿಧಾನಕ್ಕೆ ತಿನ್ನು ಗುರು, ಯಾವ ಟ್ರೈನೂ ಹೋಗ್ತಿಲ್ಲ" ಎನ್ನುತ್ತಿದ್ದ. ಮನೆಯಲ್ಲಿ ಎಲ್ಲರೂ ನನ್ನ ತಟ್ಟೆ ನೋಡುತ್ತಾರೆ. ಅವನೊಬ್ಬ ನನ್ನ ಮುಖ ನೋಡಿ ಮಾತಾಡುತ್ತಿದ್ದ. ದಿನದಲ್ಲಿ ನನಗೆ ಇಷ್ಟವಾಗುತ್ತಿದ್ದದ್ದು ಅದೊಂದೇ ಹೊತ್ತು.

ಇಬ್ಬರ ಪಾಲು ಒಂದೇ ಹೊಟ್ಟೆಗೆ ಬಿದ್ದರೆ ಏನಾಗಬೇಕೋ ಅದೇ ಆಯಿತು. ನಾನು ಇಳಿದಂತೆ ಪುಟ್ಟಸ್ವಾಮಿ ಏರಿದ. ಮೊನ್ನೆ ಅವನಿಗೆ ಶುಗರ್ ಇದೆಯೆಂದು ಗೊತ್ತಾಯಿತು. ಅವನ ಹೆಂಡತಿ ಫೋನ್ ಮಾಡಿ, "ಅಣ್ಣ, ಬೇಜಾರ್ ಮಾಡ್ಕೋಬೇಡಿ. ಇನ್ಮೇಲೆ ಅವ್ರನ್ನ ತಿಂಡಿಗೆ ಕರೀಬೇಡಿ. ನೀವು ಬಿಟ್ಟಿದ್ದೆಲ್ಲ ಅವ್ರ ಮೈಗೆ ಬಂದಿದೆ" ಅಂದರು. ಆ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಈಗ ಅವನು ಡಬ್ಬಿಯಲ್ಲಿ ಸೌತೆಕಾಯಿ ತಂದು ಮಿಷನ್ ಪಕ್ಕದಲ್ಲೇ ತಿನ್ನುತ್ತಾನೆ. ನನ್ನನ್ನು ಕಂಡರೆ ತಲೆ ತಗ್ಗಿಸುತ್ತಾನೆ.

ನಿನ್ನೆ ಒಬ್ಬನೇ ಹೋದೆ. ಕೌಂಟರಿನವನು ಅಭ್ಯಾಸಬಲದಿಂದ, ಕೇಳದೆಯೇ ಬೈ ಟು ಕಾಫಿ ಕೊಟ್ಟ. ಒಂದು ಲೋಟವನ್ನು ಪುಟ್ಟಸ್ವಾಮಿ ನಿಲ್ಲುತ್ತಿದ್ದ ಕಡೆಗೆ ಇಟ್ಟೆ. ಅಳು ಬಂತು, ಇದೂ ಆಪರೇಷನ್ನಿನ ಸೈಡ್ ಎಫೆಕ್ಟ್ ಇರಬೇಕೆಂದು ಸಮಾಧಾನ ಮಾಡಿಕೊಂಡೆ. ಅಷ್ಟರಲ್ಲಿ ಜನ ತುಂಬಿದರು. ಪ್ಲೇಟು ಹಿಡಿದ ಒಬ್ಬ ಬಂದು, "ಸಾರ್, ಇಲ್ಲಿ ಯಾರಾದ್ರೂ ಇದಾರಾ?" ಎಂದ.

"ಇದಾರೆ, ಕೈ ತೊಳ್ಯೋಕೆ ಹೋಗಿದಾರೆ" ಎಂದೆ.

ಪಾಪ, ಅವನು ಬಿಸಿ ಪ್ಲೇಟನ್ನು ಅಂಗೈಯಲ್ಲೇ ಇಟ್ಟುಕೊಂಡು, ಗೋಡೆಗೊರಗಿ ತಿಂದ. ಎರಡು ಸಲ ಹೊಟ್ಟೆ ಕೊಯ್ಯಿಸಿಕೊಂಡು, ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡು ಬಂದ ಮೇಲೂ ನಾನು ಇಬ್ಬರ ಜಾಗ ಹಿಡಿದುಕೊಂಡೇ ನಿಂತಿದ್ದೆ.